ಸಭಾಂಗಣ ತುಂಬಬೇಕಾದರೆ ಮೊದಲು ಬಸ್ಸಿನ ಟೈಮ್ ನೋಡಿ

ಎಂಜಿನಿಯರಿಂಗ್ ಓದುವಾಗ ನಾನು ಕಾಲೇಜಿನ ಕನ್ನಡ ಸಂಘದ ಕಾರ್ಯದರ್ಶಿಯಾಗಿದ್ದೆ. ರಾಜ್ಯೋತ್ಸವವೇ ನಮ್ಮ ದೊಡ್ಡ ಕಾರ್ಯಕ್ರಮ. ನವೆಂಬರ್ 1 ಸರ್ಕಾರಿ ರಜೆ, ಅವತ್ತು ಹಾಸ್ಟೆಲಿನವರನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಬಾವುಟ ಹಾರಿಸಿ ಸಿಹಿ ಹಂಚಿದರೆ ಮುಗಿಯಿತು. ದೊಡ್ಡ ಕಾರ್ಯಕ್ರಮಕ್ಕೆ ಬೇರೆ ದಿನ ಹುಡುಕಬೇಕು. 'ನವೆಂಬರ್ ಕನ್ನಡಿಗರು' ಅಂತ ಗೇಲಿ ಮಾಡುವವರು ಮಾಡಲಿ, ನಮಗಂತೂ ಇಡೀ ತಿಂಗಳು ಬೇಕಾಗುತ್ತಿತ್ತು.

ಮೊದಲು ಇಂಟರ್ನಲ್ಸ್, ಅಂದರೆ ಕಾಲೇಜಿನ ಆಂತರಿಕ ಪರೀಕ್ಷೆಗಳ ವೇಳಾಪಟ್ಟಿ ನೋಡುತ್ತಿದ್ದೆ. ಅದರ ಹಿಂದಿನ ವಾರ ಪ್ರಾಕ್ಟೀಸಿಗೆ ಒಬ್ಬರೂ ಸಿಗುವುದಿಲ್ಲ. ಮುಗಿದ ಮಾರನೇ ದಿನ ಎಲ್ಲರೂ ಊರಿಗೆ ಹೊರಟಿರುತ್ತಾರೆ. ಒಂದು ವಾರ ಬಿಟ್ಟು, ಬುಧವಾರವೋ ಗುರುವಾರವೋ ಇಟ್ಟರೆ ವಾಸಿ. ಆಮೇಲೆ ಬಸ್ಸು. ನಮ್ಮ ಕಾಲೇಜು ಇದ್ದದ್ದು ಊರಾಚೆ. 4.30ಕ್ಕೆ ಕಾಲೇಜು ಬಸ್ಸು ಹೊರಟರೆ ಅರ್ಧ ಸಭಾಂಗಣ ಖಾಲಿ. ಹಾಗಾಗಿ ಕಾರ್ಯಕ್ರಮದ ಪಟ್ಟಿಯನ್ನು ಕೊನೆಯಿಂದ ಬರೆಯುತ್ತಿದ್ದೆ. ನಾಲ್ಕಕ್ಕೆ ಡೊಳ್ಳು ಕುಣಿತ, ಅದಕ್ಕೂ ಮೊದಲು ಕಿರುನಾಟಕ, ಅದಕ್ಕೂ ಮೊದಲು ಹಾಡು... ಹೀಗೆ.

ನಾಡಗೀತೆಯ ಲೆಕ್ಕ ಪಕ್ಕಾ. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಅಂತ 2022ರಲ್ಲಿ ಸರ್ಕಾರವೇ ಆದೇಶ ಮಾಡಿದೆ. ಮುಖ್ಯ ಅತಿಥಿಗಳ ಭಾಷಣಕ್ಕೆ ಅಂಥ ಆದೇಶ ಇಲ್ಲ, ಏನು ಮಾಡೋಣ! ಅದನ್ನು ಎರಡು ನೃತ್ಯಗಳ ನಡುವೆ ಇಡುತ್ತಿದ್ದೆ. ಮುಂದಿನ ತಂಡ ಗೆಜ್ಜೆ ಕಟ್ಟಿಕೊಂಡು ವೇದಿಕೆ ಪಕ್ಕದಲ್ಲೇ ನಿಂತಿದ್ದರೆ ಅತಿಥಿಗಳೂ ಬೇಗ ಮುಗಿಸುತ್ತಾರೆ.

ಪ್ರಚಾರಕ್ಕೆ ಫ್ಲೆಕ್ಸ್ ಹಾಕುವ ಹಾಗಿಲ್ಲ, 2016ರಿಂದ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸಿಗೆ ನಿಷೇಧವಿದೆ. ನಾವು ಬಿಳಿ ಬಟ್ಟೆ ತಂದು ಹಾಸ್ಟೆಲ್ ವರಾಂಡದಲ್ಲಿ ಹಾಸುತ್ತಿದ್ದೆವು. ಬಣ್ಣ ನೆಲಕ್ಕೆ ಇಳಿಯದ ಹಾಗೆ ಕೆಳಗೆ ಹಳೇ ಪೇಪರ್. ಪೆನ್ಸಿಲಲ್ಲಿ ಗೆರೆ ಎಳೆದು, ಒಬ್ಬ ಅಕ್ಷರದ ಅಂಚು ಬರೆಯುವುದು, ಉಳಿದವರು ಒಳಗೆ ಬಣ್ಣ ತುಂಬುವುದು. ಊಟಕ್ಕೆ ಹೋಗುವವರು ನಿಂತು, "ಯಾವತ್ತೋ ಇದು?" ಅಂತ ಕೇಳುತ್ತಿದ್ದರು. ಅಂಥವರ ಕೈಗೂ ಒಂದು ಬ್ರಷ್ ಕೊಟ್ಟುಬಿಡುತ್ತಿದ್ದೆವು. ವಾಟ್ಸಾಪ್ ಗ್ರೂಪಿಗೆ ಪೋಸ್ಟರ್ ಹಾಕಿದರೆ ಸಾಲುಸಾಲು ಹೆಬ್ಬೆರಳು ಬರುತ್ತವೆ. ಜನ ಬರಬೇಕಲ್ವಾ?

ಜನ ಬರುವುದು ವೇದಿಕೆ ಮೇಲೆ ತಮ್ಮವರು ಇದ್ದರೆ ಮಾತ್ರ. ದುಡ್ಡು ಕೊಟ್ಟು ಆರ್ಕೆಸ್ಟ್ರಾ ಕರೆಸೋಣ ಅಂತ ಪ್ರತಿಸಲ ಯಾರಾದರೂ ಹೇಳುತ್ತಾರೆ. ನಾನು ಒಪ್ಪುತ್ತಿರಲಿಲ್ಲ. ಒಂದೊಂದು ಬ್ರಾಂಚಿಗೆ ಒಂದೊಂದು ಐಟಂ ಹಂಚುತ್ತಿದ್ದೆ. ಸಿವಿಲ್‌ನವರದ್ದು ವೀರಗಾಸೆ, ಎಲೆಕ್ಟ್ರಾನಿಕ್ಸ್‌ನವರದ್ದು ಕಂಸಾಳೆ. ಪೀರಿಯಡ್ ಮುಗಿಯುವ ಹೊತ್ತಿಗೆ "ಸಾರ್, ಎರಡೇ ನಿಮಿಷ" ಅಂತ ಒಳಗೆ ಹೋಗಿ, ನಾನು ಮಾತಾಡದೆ ಆ ಕ್ಲಾಸಿನ ಕುಣಿಯುವ ಹುಡುಗನನ್ನೇ ಮುಂದೆ ನಿಲ್ಲಿಸುತ್ತಿದ್ದೆ. ಹಿಂದಿನ ಬೆಂಚಿನಿಂದ ಸಿಳ್ಳೆ ಬಿದ್ದರೆ ಆ ಕ್ಲಾಸು ಬಂತು ಅಂತಲೇ ಲೆಕ್ಕ.

ಹೊರರಾಜ್ಯದವರನ್ನು ಬಿಡಬಾರದು. ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ (ವಿಟಿಯು) ಕನ್ನಡ ಬಾರದವರಿಗೆ 'ಬಳಕೆ ಕನ್ನಡ' ಅಂತ ಒಂದು ವಿಷಯ ಇದೆ. ಅವರಿಗಾಗಿ ಒಂದು ನಿಮಿಷ ಕನ್ನಡ ಮಾತಾಡುವ ಸ್ಪರ್ಧೆ ಇಟ್ಟೆವು. ಬಿಹಾರದ ಹುಡುಗನೊಬ್ಬ ಬಸ್ ಕಂಡಕ್ಟರ್ ಆಗಿ ಬಂದ. "ಚಿಲ್ರೆ ಕೊಡಿ, ಮುಂದೆ ಹೋಗಿ, ಬಾಗಿಲಲ್ಲಿ ನಿಂತ್ಕೋಬೇಡಿ" ಅಂತ ಅದೇ ಗತ್ತಿನಲ್ಲಿ ಗದರಿದ. ಅವತ್ತು ಡೊಳ್ಳಿಗಿಂತ ಜಾಸ್ತಿ ಚಪ್ಪಾಳೆ ಬಿದ್ದದ್ದು ಅವನಿಗೇ.

ಇನ್ನು ಹಾಜರಿ. ವಿಟಿಯುನಲ್ಲಿ ಶೇ. 85 ಇರಲೇಬೇಕು, ಪ್ರಾಕ್ಟೀಸಿಗೆ ಅಂತ ಕ್ಲಾಸ್ ಬಿಟ್ಟವರಿಗೆ ಅದೇ ಚಿಂತೆ. ಹೆಸರು, ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ), ಬಿಟ್ಟ ಪೀರಿಯಡ್ ಎಲ್ಲ ಬರೆದ ಪತ್ರಕ್ಕೆ ದಿನದಿನವೂ ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿಬಿಡಿ. ಕಾರ್ಯಕ್ರಮ ಮುಗಿದ ಮೇಲೆ ಒಟ್ಟಿಗೆ ಹಾಕಿಸೋಣ ಅಂದುಕೊಂಡರೆ, ಸಹಿ ಹಾಕುವವರು ರಜೆಯಲ್ಲಿರುತ್ತಾರೆ.