ನೆತ್ತಿಯ ಕೂದಲು ತೆಳುವಾಗುತ್ತಿದ್ದರೆ ಹೊಟ್ಟೆಯ ಕಡೆ ಏನು ಮಾಡಬಹುದು?

ಮುಂಬೈಗೆ ಬಂದ ಮೇಲೆ ಕೂದಲು ಉದುರಿದರೆ ನಮ್ಮವರು ಮೊದಲು ಬೈಯುವುದು ಇಲ್ಲಿನ ನೀರನ್ನು. ಗಂಡಸರಿಗೆ ಹಣೆಯ ಮೂಲೆಗಳು ಹಿಂದೆ ಸರಿಯುತ್ತಿದ್ದರೆ, ಹೆಂಗಸರಿಗೆ ಬೈತಲೆ ಅಗಲವಾಗುತ್ತಿದ್ದರೆ ಹಾರ್ಮೋನಿನ ಕಡೆಗೂ ನೋಡಬೇಕು. ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನಿನಿಂದ ಆಗುವ ಡಿಎಚ್‌ಟಿ ಎಂಬ ಇನ್ನೊಂದು ಹಾರ್ಮೋನು, ವಂಶದಿಂದಲೇ ಸೂಕ್ಷ್ಮವಾದ ಕೂದಲ ಬುಡವನ್ನು ಬರಬರುತ್ತಾ ಕುಗ್ಗಿಸುತ್ತದೆ.

ಹೊಟ್ಟೆಗೂ ಇದಕ್ಕೂ ಏನು ನಂಟು? ದೇಹ ಹೊರಹಾಕಬೇಕಾದ ಡಿಎಚ್‌ಟಿಗೆ ಸಕ್ಕರೆಯಂಥದೊಂದು ಅಣು ಅಂಟಿಸಿ ಕರುಳಿಗೆ ಕಳಿಸುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಆ ಅಂಟು ಬಿಡಿಸುತ್ತವೆ. 2019ರಲ್ಲಿ ಸ್ವೀಡನ್ನಿನ ಸಂಶೋಧಕರು ಯುವಕರ ಮಲದಲ್ಲಿ, ರಕ್ತದಲ್ಲಿರುವುದಕ್ಕಿಂತ 70 ಪಟ್ಟು ಮೀರಿ ಬಿಡಿ ಡಿಎಚ್‌ಟಿ ಕಂಡರು. ಅದು ನೆತ್ತಿಗೆ ಹೋಗಿ ಕೂದಲು ಉದುರಿಸುತ್ತದೆ ಎಂದು ಅವರು ತೋರಿಸಿಲ್ಲ. ಹಾಗಾಗಿ ಕೂದಲಿಗೆಂದು ಮಾರುವ ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ) ಡಬ್ಬಿಗೆ ದುಡ್ಡು ಸುರಿಯಬೇಡಿ. ವೈದ್ಯರು ಕೊಟ್ಟ ಮಿನಾಕ್ಸಿಡಿಲ್, ಫಿನಾಸ್ಟರೈಡ್ ಎಂಬ ಕೂದಲಿನ ಔಷಧಿಗಳನ್ನು ಮೊಸರು ನಂಬಿ ಬಿಡಲೂಬೇಡಿ.

ಮೊದಲು ಚರ್ಮರೋಗ ತಜ್ಞರನ್ನು ಕೇಳಿ ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ದಾಸ್ತಾನು), ಬಿ12, ಟಿಎಸ್‌ಎಚ್ (ಥೈರಾಯ್ಡ್) ಪರೀಕ್ಷೆ ಮಾಡಿಸಿ. ಮುಟ್ಟು ಏರುಪೇರಾಗಿ ಗದ್ದದ ಮೇಲೆ ಕೂದಲು ಬರುತ್ತಿದ್ದರೆ ಪಿಸಿಒಎಸ್ ಎಂಬ ಹಾರ್ಮೋನಿನ ತೊಂದರೆ ಇದೆಯೇ ನೋಡಿಸಿ. ಬಯೋಟಿನ್ ಎಂಬ ಬಿ ವಿಟಮಿನ್ ಮಾತ್ರೆ ನುಂಗುವವರು ವೈದ್ಯರಿಗೆ ಹೇಳಿ ಪರೀಕ್ಷೆಗೆ ಮೂರು ದಿನ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಥೈರಾಯ್ಡ್ ವರದಿ ತಪ್ಪು ಬರಬಹುದು. ಡೆಂಗಿ, ಟೈಫಾಯ್ಡ್ ಬಂದು ಎರಡು ಮೂರು ತಿಂಗಳಿಗೆ ಕೂದಲು ಮುಷ್ಟಿಗಟ್ಟಲೆ ಉದುರಿದರೆ ಅದರ ಲೆಕ್ಕವೇ ಬೇರೆ; ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ.

ಇನ್ನು ಊಟ. ಇದು ಕೂದಲಿಗೆ ಮದ್ದೆಂದಲ್ಲ, ಹೊಟ್ಟೆಗೆ ಒಳ್ಳೆಯದೆಂದು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ನಾರು, ದಿನಕ್ಕೆ ಸುಮಾರು 30 ಗ್ರಾಂ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 11 ಗ್ರಾಂ, 50 ಗ್ರಾಂ ಇಡೀ ಹೆಸರುಕಾಳಿನಲ್ಲಿ 8 ಗ್ರಾಂ, ಎರಡು ಚಪಾತಿಯಲ್ಲಿ 6-7 ಗ್ರಾಂ ಸಿಗುತ್ತದೆ. ಉಳಿದದ್ದು ಸೊಪ್ಪು, ತರಕಾರಿ, ಪೇರಲೆಯಿಂದ. ರಾಗಿಯನ್ನು ಇಲ್ಲಿನ ಕಿರಾಣಿಯಲ್ಲಿ ನಾಚಣಿ ಎಂದು ಕೇಳಿ. ಮೊಳಕೆ ಬಂದ ಮಟಕಿ, ನಮ್ಮ ಮಡಿಕೆಕಾಳು, ಪೇಟೆಯಲ್ಲೇ ಸಿಗುತ್ತದೆ. ಒಂದೇ ದಿನ ಇಷ್ಟನ್ನೂ ತಿಂದರೆ ಹೊಟ್ಟೆ ಉಬ್ಬರಿಸಿ ಮೂರನೇ ದಿನಕ್ಕೇ ಬಿಟ್ಟುಬಿಡುತ್ತೀರಿ. ವಾರಕ್ಕೆ 5 ಗ್ರಾಂನಂತೆ ಏರಿಸಿ, ನೀರು ಹೆಚ್ಚು ಕುಡಿಯಿರಿ.

ಮೊಸರು ಮನೆಯದೇ ಚೆನ್ನ. ಒಂದು ಲೀಟರ್ ಹಾಲು ಕಾಯಿಸಿ, ಬೆರಳಿಟ್ಟು ಹತ್ತು ಎಣಿಸುವಷ್ಟು ಬೆಚ್ಚಗಾದ ಮೇಲೆ ಎರಡು ಚಮಚ ಹೆಪ್ಪು ಹಾಕಿ ಕಲಸಿ. ಮೇ ತಿಂಗಳ ಮುಂಬೈ ಸೆಕೆಗೆ ನಾಲ್ಕೈದು ಗಂಟೆ ಸಾಕು, ಆಮೇಲೆ ಫ್ರಿಜ್ಜಿಗೆ. ಪುಣೆಯ ಚಳಿಗಾಲದಲ್ಲಿ ಟವೆಲ್ ಸುತ್ತಿ ರಾತ್ರಿಯಿಡೀ ಬಿಡಿ. ಲೋಳೆಯಂತೆ ಎಳೆ ಬಂದರೆ ಹಾಲು ಆರಿಹೋಗಿತ್ತು ಅಥವಾ ಹೆಪ್ಪು ಕೆಟ್ಟಿದೆ, ಬೇರೆ ಹೆಪ್ಪು ತನ್ನಿ. ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸುವುದು ಪೂರ್ತಿ ಆರಿದ ಮೇಲೆಯೇ, ಬಿಸಿಗೆ ಹೊಯ್ದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಇಡ್ಲಿ ಹಿಟ್ಟಿನದೂ ಹಬೆಯಲ್ಲಿ ಅದೇ ಗತಿ.

ಶೀತಕ್ಕೆಲ್ಲ ಮೆಡಿಕಲ್‌ನಿಂದ ಆಂಟಿಬಯಾಟಿಕ್ ತಂದು ನುಂಗುವುದನ್ನು ದಯವಿಟ್ಟು ಬಿಡಿ. ಈ ಶ್ರಮವೆಲ್ಲ ಅದರಲ್ಲೇ ಹೋಗುತ್ತದೆ. ಕೂದಲು ತಿಂಗಳಿಗೆ ಬೆಳೆಯುವುದೇ ಒಂದು ಸೆಂಟಿಮೀಟರ್. ನಾಲ್ಕು ವಾರಕ್ಕೊಮ್ಮೆ ಅದೇ ಕಿಟಕಿಯ ಬೆಳಕಲ್ಲಿ, ಒಣ ಕೂದಲಿನಲ್ಲಿ, ನೆತ್ತಿಯ ಫೋಟೋ ತೆಗೆಯಿರಿ, ಆರು ತಿಂಗಳಾದ ಮೇಲೆ ಪಕ್ಕಪಕ್ಕ ಇಟ್ಟು ನೋಡಿ.