ಡ್ಯುಯಲ್ ಕಾಯಿಲ್ ಸಬ್‌ವೂಫರ್: ವೈರ್ ಸಿಕ್ಕಿಸುವ ಮುನ್ನ
ಡ್ಯುಯಲ್ ಕಾಯಿಲ್ ಸಬ್‌ವೂಫರ್ ಎಂದರೆ ಒಂದೇ ಕೋನ್‌ಗೆ ಎರಡು ಕಾಯಿಲ್ (ತಂತಿ ಸುರುಳಿ) ಇರುವ ಬಾಸ್ ಸ್ಪೀಕರ್. ಮೊದಲು ಆಂಪ್‌ (ಆಂಪ್ಲಿಫೈಯರ್) ಕನಿಷ್ಠ ಎಷ್ಟು ಓಮ್ ಲೋಡ್ ತಾಳುತ್ತದೆ ನೋಡಿ, ಆಮೇಲೆ ವೈರಿಂಗ್. 4+4 ಓಮ್ ಸಬ್‌ (ತಲಾ 4 ಓಮ್‌ನ ಎರಡು ಕಾಯಿಲ್) ಪ್ಯಾರಲಲ್‌ನಲ್ಲಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) 2 ಓಮ್ ಆಗುತ್ತದೆ. ಸೀರೀಸ್‌ನಲ್ಲಿ, ಅಂದರೆ ಮೊದಲ ಕಾಯಿಲ್‌ನ ಮೈನಸ್ಸನ್ನು ಎರಡನೆಯದರ ಪ್ಲಸ್‌ಗೆ ಕೊಟ್ಟರೆ, 8 ಓಮ್. 2+2 ಸಬ್ ಆದರೆ 1 ಅಥವಾ 4. ಕನಿಷ್ಠ ಎರಡು ಓಮ್ ತಾಳುವ ಆಂಪ್‌ಗೆ ಒಂದು ಓಮ್ ಕೊಟ್ಟರೆ ಬಿಸಿಯಾಗಿ ಪ್ರೊಟೆಕ್ಟ್‌ಗೆ ಹೋಗುತ್ತದೆ (ತನ್ನ ರಕ್ಷಣೆಗೆ ತಾನೇ ಬಂದ್ ಆಗುತ್ತದೆ), ಇಲ್ಲವೇ ಸುಟ್ಟೇ ಹೋಗುತ್ತದೆ.

ಆಂಪ್‌ಗೆ ಸಿಕ್ಕಿಸುವ ಮೊದಲು ವೈರ್ ತುದಿಯಲ್ಲಿ ಮಲ್ಟಿಮೀಟರ್ ಹಿಡಿಯಿರಿ. 2 ಓಮ್ ಲೋಡ್ 1.7ರ ಆಸುಪಾಸು ತೋರಿಸಿದರೆ ಗಾಬರಿ ಬೇಡ, ಮೀಟರ್ ಅಳೆಯುವ ಡಿಸಿ ರೆಸಿಸ್ಟೆನ್ಸ್ ಸಬ್ ಮೇಲೆ ಬರೆದ ಓಮ್‌ಗಿಂತ ಸಾಮಾನ್ಯವಾಗಿ ಸ್ವಲ್ಪ ಕಮ್ಮಿಯೇ.

ಒಂದು ಕಾಯಿಲ್ ಉಲ್ಟಾ ಆದರೆ ಮೀಟರ್‌ಗೆ ಗೊತ್ತಾಗುವುದಿಲ್ಲ! ಎರಡೂ ಒಂದಕ್ಕೊಂದು ಎದುರಾಗಿ ಎಳೆದು ಬಾಸ್ ಸತ್ತುಹೋಗುತ್ತದೆ, ಕಾಯಿಲ್ ಮಾತ್ರ ಬಿಸಿಯಾಗುತ್ತಿರುತ್ತದೆ. ಅನುಮಾನವಿದ್ದರೆ ವೈರೆಲ್ಲ ಬಿಚ್ಚಿ, 1.5 ವೋಲ್ಟ್ ಸೆಲ್ ಅನ್ನು ಒಂದೊಂದೇ ಕಾಯಿಲ್‌ಗೆ ಕ್ಷಣಮಾತ್ರ ತಾಗಿಸಿ; ಪ್ಲಸ್‌ಗೆ ಪ್ಲಸ್ ಇದ್ದಾಗ ಎರಡರಲ್ಲೂ ಕೋನ್ ಒಂದೇ ಕಡೆಗೆ ಜಿಗಿಯಬೇಕು.