ಚಿಗುರು ಹಳದಿ ಆಗ್ತಿದ್ರೆ ಮೊದ್ಲು ಬೇರಿನ ಪಾಡು ನೋಡಿ

ಹೊಸ ಚಿಗುರು ಹಳದಿ ಆಗಿ ನರ ಮಾತ್ರ ಹಸಿರಾಗಿ ಬಲೆ ಥರ ಎದ್ದು ಕಾಣ್ತಿದ್ರೆ ಅದು ಹೆಚ್ಚಾಗಿ ಕಬ್ಬಿಣದ ಕೊರತೆ ಕಣ್ರೀ. ಕೆಳಗಿನ ಹಳೇ ಎಲೆ ಮೊದ್ಲು ಹಳದಿ ಆದ್ರೆ ಸಾಮಾನ್ಯವಾಗಿ ಸಾರಜನಕದ್ದು, ಅದು ಬೇರೆ ವಿಷಯ. ಕಬ್ಬಿಣ ಒಂದ್ಸಲ ಎಲೆ ಸೇರಿದ್ಮೇಲೆ ಅಲ್ಲಿಂದ ಚಿಗುರಿಗೆ ಸುಲಭವಾಗಿ ಹೋಗಲ್ಲ, ಅದಕ್ಕೇ ಎಳೇದೇ ಮೊದ್ಲು ಸೊರಗೋದು.

ನಾನೂ ಎಷ್ಟೋ ವರ್ಷ ಕುಂಡಕ್ಕೆ ತುಕ್ಕು ಮೊಳೆ ಹೂತಿಟ್ಟಿದ್ದೀನಿ, ಒಂಚೂರೂ ಪ್ರಯೋಜನ ಆಗ್ಲಿಲ್ಲ. ಮಣ್ಣಲ್ಲಿ ಸಾಮಾನ್ಯವಾಗಿ ಕಬ್ಬಿಣಕ್ಕೆ ಬರ ಇರಲ್ಲ, ಆದ್ರೆ ಸುಣ್ಣದ ಅಂಶ ಜಾಸ್ತಿಯಾಗಿ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 7.5 ದಾಟಿದ್ರೆ ಅದು ತುಕ್ಕಿನ ರೂಪದಲ್ಲೇ ಗಟ್ಟಿಯಾಗಿ ಕೂತ್ಬಿಡುತ್ತೆ, ನೀರಲ್ಲಿ ಕರಗೋದೇ ಇಲ್ಲ. ಗಿಡದ ಬೇರೂ ಸುಮ್ನಿರಲ್ಲ, ಎಷ್ಟೋ ಗಿಡದಲ್ಲಿ ತುದಿ ದಪ್ಪ ಆಗುತ್ತೆ, ಬೇರುಕೂದಲು ಜಾಸ್ತಿ ಬಿಡುತ್ತೆ, ಸುತ್ತಲಿನ ಮಣ್ಣಿಗೆ ಹುಳಿ ಬಿಟ್ಟು ಕಬ್ಬಿಣ ಕರಗಿಸುತ್ತೆ, ಆಮೇಲೆ ತನ್ನ ಮೈಮೇಲೇ ಅದನ್ನ ಫೆರಿಕ್‌ನಿಂದ ಫೆರಸ್ (ಬೇರು ಹೀರ್ಕೊಳ್ಳೋ ರೂಪ) ಮಾಡ್ಕೊಂಡು ಒಳಗೆ ಎಳ್ಕೊಳ್ಳುತ್ತೆ. ಜೋಳ, ಗೋಧಿ, ಬಾರ್ಲಿಯಂಥ ಹುಲ್ಲಿನ ಜಾತಿ ಹೀಗೆ ಮಾಡಲ್ಲ, ಕಬ್ಬಿಣನ ಹಿಡ್ಕೊಳ್ಳೋ ಒಂದು ರಸ ಬಿಟ್ಟು ಎರಡನ್ನೂ ಒಟ್ಟಿಗೇ ಹೀರ್ಕೊಳ್ಳುತ್ತೆ, ಬಾರ್ಲಿಯಲ್ಲಂತೂ ಆ ರಸ ಬೆಳಗ್ಗೆ ಸೂರ್ಯ ಹುಟ್ಟಿ ಕೆಲವು ಗಂಟೆ ಆದ್ಮೇಲೆ ಜಾಸ್ತಿ ಬರುತ್ತೆ.

ಇಷ್ಟೆಲ್ಲಾ ಒದ್ದಾಡೋ ಬೇರಿಗೆ ನಾವೇ ಅಡ್ಡ ಬರ್ತೀವಿ, ನಂಗೆ ಬೇಜಾರಾಗೋದು ಅದೇ. ದಿನಾ ನೀರು ಸುರಿದು ಮಣ್ಣು ಕೆಸರಾದ್ರೆ ಬೇರಿಗೆ ಉಸಿರಿಲ್ಲ, ಶಕ್ತಿ ಇಲ್ಲದೆ ಹುಳಿ ಎಲ್ಲಿಂದ ಬಿಡುತ್ತೆ? ಗಡಸು ನೀರಲ್ಲಿರೋ ಬೈಕಾರ್ಬೊನೇಟ್ ಆ ಹುಳಿನ ಅಲ್ಲೇ ಕೊಲ್ಲುತ್ತೆ. ಒಲೆ ಬೂದಿ, ಮೊಟ್ಟೆ ಚಿಪ್ಪು ಹಾಕೋದೂ ಸದ್ಯಕ್ಕೆ ಬಿಡಿ, ಎರಡೂ ಸುಣ್ಣನೇ. ಮೇಲಿನ ಒಂದಿಂಚು ಮಣ್ಣು ಬೆರಳಿಗೆ ಒಣಗಿದ ಹಾಗೆ ಸಿಕ್ಕಿದ್ಮೇಲೆ ನೀರು ಹಾಕಿ, ಆದಷ್ಟು ಮಳೆನೀರು, ಕಳಿತ ಕಾಂಪೋಸ್ಟ್ ಬೆರೆಸಿ.

ತುರ್ತಿಗೆ ಲೀಟರ್ ನೀರಿಗೆ 2-3 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಸಂಜೆ ಎಲೆಗೆ ಸ್ಪ್ರೇ ಮಾಡಿ, ಮೊದ್ಲು ಒಂದೇ ಕೊಂಬೆಗೆ ಹೊಡೆದು ಸುಡುತ್ತಾ ಅಂತ ನೋಡಿ. ನೀರು ಕಂದು ತಿರುಗಿದ್ರೆ ಚೆಲ್ಬಿಡಿ. ಮಣ್ಣಿಗೇ ಹಾಕೋದಾದ್ರೆ ಇಡಿಡಿಎಚ್‌ಎ ಅಂತ ಬರೆದಿರೋ ಚೀಲೇಟ್ (ಕಬ್ಬಿಣ ಗಟ್ಟಿಯಾಗದ ಹಾಗೆ ಹಿಡಿದಿಡೋ ಗೊಬ್ಬರ) ತಗೊಳ್ಳಿ, ಇಡಿಟಿಎ ಅಂತ ಇರೋದು ಸುಣ್ಣದ ಮಣ್ಣಲ್ಲಿ ನಿಲ್ಲಲ್ಲ. ಸ್ಪ್ರೇ ಮಾಡಿ ಸ್ವಲ್ಪ ದಿನ ಬಿಟ್ಟು ಎಲೆ ಹತ್ರದಿಂದ ನೋಡಿ, ಹನಿ ಬಿದ್ದ ಕಡೆ ಮಾತ್ರ ಹಸಿರು ಚುಕ್ಕಿ ಎದ್ದಿರುತ್ತೆ, ಅದು ಕಂಡ್ರೆ ಕೊರತೆ ಕಬ್ಬಿಣದ್ದೇ.